ಕಲ್ಲಿಗೆ ಧಾರವಾಡದ ಹೆಸರಿಟ್ಟ ಬ್ರೂಸ್ ಫುಟ್

ಪಾವಗಡದ ಕಡೆಯ ಕ್ಯಾತಗಾನಚೆರ್ಲಿನಿಂದ ಹೊರಟು, ಮಧುಗಿರಿ, ಶಿರಾ ಸೀಮೆಗಳನ್ನು ದಾಟಿ, ಪಶ್ಚಿಮಕ್ಕೆ ಚಿಕ್ಕನಾಯಕನಹಳ್ಳಿಯವರೆಗೆ ಸಾಗುವ ಪಯಣಿಗನು ಕಾಲಡಿಯ ಕಲ್ಲು ಬದಲಾಗುವುದನ್ನು ಕಾಣಬಹುದು. ಬೋಳು ಗ್ರಾನೈಟಿನ ಬೆಟ್ಟಗಳು ಹಿಂದುಳಿಯುತ್ತವೆ. ಪಟ್ಟೆಪಟ್ಟೆಯ ನೈಸ್ ಶಿಲೆಯ ಬಯಲು ಬರುತ್ತದೆ. ಕೊನೆಗೆ ಕಪ್ಪು-ಹಸಿರು ಬಣ್ಣದ ಪದರಶಿಲೆಗಳ ನೀಳವಾದ ಸಾಲು ಎದುರಾಗುತ್ತದೆ. ಇಂಥ ಸಾಲುಗಳು ಉಳಿದ ಶಿಲೆಗಳಿಂದ ಬೇರೆಯೆಂದು ಕಂಡುಕೊಂಡು, ಅವಕ್ಕೆ ಧಾರವಾಡದ ಹೆಸರನ್ನಿತ್ತವರು ರಾಬರ್ಟ್ ಬ್ರೂಸ್ ಫುಟ್.

ಫುಟ್ ಅವರು ಇಂಗ್ಲೆಂಡಿನ ಚೆಲ್ಟೆನ್‌ಹ್ಯಾಮಿನಲ್ಲಿ 1834ರಲ್ಲಿ ಜನಿಸಿದರು. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯನ್ನು ಸೇರಿ ದಕ್ಷಿಣದ ಜಿಲ್ಲೆಗಳಿಗೆ ಬಂದರು. 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ ಅವರಿಗೆ ದೊರೆತ ಶಿಲಾಯುಧವು ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ ನಾಂದಿಯಾಯಿತು. ಲೋಕವು ಅವರನ್ನು ಹೆಚ್ಚಾಗಿ ನೆನೆಯುವುದು ಅದಕ್ಕಾಗಿಯೇ. ಆದರೆ ಅವರ ವೃತ್ತಿಯ ಬಹುಭಾಗ ಕಳೆದದ್ದು ಬಂಡೆಗಳ ನಡುವೆ.

ಅವರಿಗಿಂತ ಮೊದಲು ನಮ್ಮ ನಾಡಿನ ಹಳೆಯ ಶಿಲೆಗಳನ್ನೆಲ್ಲ ಒಂದೇ ರಾಶಿಯೆಂದು ಎಣಿಸುವುದು ವಾಡಿಕೆಯಾಗಿತ್ತು. ಧಾರವಾಡ, ಬಳ್ಳಾರಿಗಳ ಸೀಮೆಯಲ್ಲಿ ಅಲೆದಾಡಿದ ಫುಟ್, ಪದರಶಿಲೆಗಳು ನೈಸಿನ ಮೇಲೆ ಸಂಚಯಗೊಂಡು, ಅನಂತರ ಅದರೊಡನೆ ಮಡಿಕೆಗೊಂಡು ಕೆಳಕ್ಕಿಳಿದವೆಂದು ತಿಳಿದರು. ಮಡಿಕೆಯ ಆಳದಲ್ಲಿ ಸಿಲುಕಿದ ಭಾಗ ಮಾತ್ರ ಸವೆಯದೆ ಉಳಿದು, ಇಂದು ಸಾಲಾಗಿ ತೋರುತ್ತದೆಂದು 1880ರ ದಶಕದಲ್ಲಿ ಪ್ರತಿಪಾದಿಸಿದರು. ಇದು ಕೇವಲ ಪಂಡಿತರ ವಿಚಾರವಾಗಿರಲಿಲ್ಲ. ಕೋಲಾರದ ಚಿನ್ನವು ಇಂಥ ಶಿಲೆಗಳಲ್ಲಿಯೇ ಇದ್ದುದರಿಂದ, ಸಾಲುಗಳ ನಕ್ಷೆಯು ಚಿನ್ನವನ್ನು ಅರಸುವವರಿಗೆ ದಾರಿದೀಪವಾಯಿತು.

1891ರಲ್ಲಿ ಅವರು ಸರ್ವೇಕ್ಷಣೆಯಿಂದ ನಿವೃತ್ತರಾದರು. ಆಮೇಲೆ ಬರೋಡಾ ಮತ್ತು ಮೈಸೂರು ಸಂಸ್ಥಾನಗಳಿಗೂ ಅವರ ಅನುಭವ ಒದಗಿತು. ತಾವು ಕೂಡಿಸಿದ್ದ ಪ್ರಾಚೀನ ವಸ್ತುಗಳ ಭಂಡಾರವನ್ನು 1904ರಲ್ಲಿ ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಮಾರಿದರು, 1912ರಲ್ಲಿ ತೀರಿಕೊಂಡರು.

ಅವರ ತರುವಾಯ ಅವರ ಮತಕ್ಕೆ ಪ್ರಬಲವಾದ ವಿರೋಧ ಹುಟ್ಟಿತು. ಡಬ್ಲ್ಯು. ಎಫ್. ಸ್ಮೀತ್ ಅವರ ನೇತೃತ್ವದ ಮೈಸೂರಿನ ಭೂವಿಜ್ಞಾನಿಗಳು ಧಾರವಾಡ ಶಿಲೆಗಳೇ ಎಲ್ಲಕ್ಕಿಂತ ಹಳೆಯವು, ನೈಸ್ ಆಮೇಲೆ ಅವುಗಳೊಳಗೆ ನುಗ್ಗಿದ್ದು ಎಂದು ವಾದಿಸಿದರು. ದಶಕಗಳ ಕಾಲ ಆ ಮತವೇ ಮೇಲಾಗಿತ್ತು. ಶಿಲೆಗಳ ವಯಸ್ಸನ್ನು ವಿಕಿರಣದ ಅಳತೆಯಿಂದ ನಿರ್ಣಯಿಸುವ ವಿದ್ಯೆ ಬಂದ ಮೇಲೆ ಫುಟ್ ಅವರ ಕಣ್ಣು ಬಹುಮಟ್ಟಿಗೆ ಸರಿಯಾಗಿ ಕಂಡಿತ್ತೆಂದು ತಿಳಿಯಿತು: ನೈಸಿನ ಹಳೆಯ ಭಾಗಕ್ಕೆ 300 ಕೋಟಿ ವರ್ಷಗಳಿಗೂ ಮೀರಿದ ವಯಸ್ಸು, ಧಾರವಾಡ ಶಿಲೆಗಳ ಮುಖ್ಯ ಸಮೂಹ ಅದಕ್ಕಿಂತ ಕಿರಿದು. ಆದರೂ ಕೆಲವು ಪದರಶಿಲೆಗಳು ಇನ್ನೂ ಪುರಾತನವೆಂದು ಕಂಡುಬಂದುದರಿಂದ ಎದುರು ಪಕ್ಷವೂ ಪೂರ್ತಿಯಾಗಿ ಸೋಲಲಿಲ್ಲ. ಪಾವಗಡ, ಮಧುಗಿರಿಗಳ ಗ್ರಾನೈಟ್ ಸುಮಾರು 250 ಕೋಟಿ ವರ್ಷಗಳ ಹಿಂದಿನದು.

ಇಷ್ಟು ಗಟ್ಟಿಯಾದ ಕಲ್ಲನ್ನು ಮಡಿಸಿದ ಶಕ್ತಿ ಯಾವುದು? ಇದಕ್ಕೆ ತಕ್ಕ ಉತ್ತರ ಫುಟ್ ಅವರ ಕಾಲದಲ್ಲಿ ಯಾರ ಬಳಿಯೂ ಇರಲಿಲ್ಲ. ಭೂಮಿಯ ಹೊರಗೆ ತೆಳುವಾದ ಚಿಪ್ಪು, ಅದರ ಕೆಳಗೆ ಸುಮಾರು 2,900 ಕಿಲೋಮೀಟರು ಆಳದವರೆಗೆ ಮ್ಯಾಂಟಲ್, ಒಳಗೆ ಲೋಹಮಯವಾದ ಗರ್ಭ ಇವೆಯೆಂಬುದು ಭೂಕಂಪದ ಅಲೆಗಳಿಂದ ಸ್ಥಿರಪಟ್ಟಿತು. ಚಿಪ್ಪು ಮತ್ತು ಮ್ಯಾಂಟಲಿನ ಮೇಲ್ಭಾಗ ಸೇರಿ ಭೂಫಲಕಗಳಾಗಿ ಒಡೆದಿವೆ. ಒಳಗಿನ ಶಾಖ ಹೊರಬೀಳುವ ಕ್ರಿಯೆಯಲ್ಲಿ ಅವು ವರ್ಷಕ್ಕೆ ಕೆಲವು ಸೆಂಟಿಮೀಟರುಗಳಷ್ಟು ಸರಿಯುತ್ತವೆ. ಈ ಸಿದ್ಧಾಂತ ನೆಲೆಗೊಂಡದ್ದು 1960ರ ದಶಕದಲ್ಲಿ. ಧಾರವಾಡದ ಸಾಲುಗಳು ಇಂಥ ಫಲಕಗಳ ಡಿಕ್ಕಿಯಿಂದಲೇ ಮಡಿಸಿಕೊಂಡವೆಂದು ಹಲವು ವಿದ್ವಾಂಸರು ತಿಳಿಯುತ್ತಾರೆ. ಭೂಮಿ ಇನ್ನೂ ಹೆಚ್ಚು ಕಾದಿದ್ದ ಆ ಯುಗದಲ್ಲಿ ಫಲಕಗಳು ಇಂದಿನಂತೆಯೇ ವರ್ತಿಸುತ್ತಿದ್ದುವೇ ಎಂದು ಕೇಳುವವರೂ ಇದ್ದಾರೆ. ಆ ಚರ್ಚೆ ಮುಗಿದಿಲ್ಲ. ಆದರೆ ಎರಡು ಪಕ್ಷದವರೂ ಸಾಕ್ಷ್ಯಕ್ಕಾಗಿ ಹೋಗುವುದು ಫುಟ್ ಅವರು ನಡೆದಾಡಿ ಗುರುತಿಸಿದ ಆ ಕಪ್ಪು ಸಾಲುಗಳ ಬಳಿಗೇ.