ಚಿತ್ರಕಥೆಗಾರ ಅನಂತ ಪೈ

ಈಗಿನ ಕಾಲವನ್ನು ಸೂಪರ್‌ಹೀರೋಗಳ ಕಾಲವೆಂದು ಕರೆದರೆ ತಪ್ಪಾಗಲಾರದು. ಆಕಾಶದಲ್ಲಿ ಹಾರುವವರು, ಗೋಡೆ ಹತ್ತುವವರು, ಸುತ್ತಿಗೆ ಬೀಸಿ ಸಿಡಿಲನ್ನು ಕರೆಯುವವರು ಬೆಳ್ಳಿತೆರೆಯನ್ನೆಲ್ಲ ಆಕ್ರಮಿಸಿಕೊಂಡಿದ್ದಾರೆ. 1978ರಲ್ಲಿ ತೆರೆಗೆ ಬಂದ ಸೂಪರ್‌ಮ್ಯಾನ್ ಚಿತ್ರವು ಈ ಪ್ರವಾಹಕ್ಕೆ ದಾರಿ ಮಾಡಿತು. 2000ದಲ್ಲಿ ಎಕ್ಸ್‌-ಮೆನ್, 2002ರಲ್ಲಿ ಸ್ಪೈಡರ್‌ಮ್ಯಾನ್, 2008ರಲ್ಲಿ ಐರನ್‌ಮ್ಯಾನ್ ಬಂದ ಮೇಲೆ ಅದು ಉಕ್ಕಿ ಹರಿಯಿತು. 2019ರ ಅವೆಂಜರ್ಸ್ ಎಂಡ್‌ಗೇಮ್ ಎಂಬ ಒಂದೇ ಚಿತ್ರವು ಜಗತ್ತಿನಾದ್ಯಂತ ಸುಮಾರು 280 ಕೋಟಿ ಡಾಲರ್ ಗಳಿಸಿತು. ಈ ವೀರರೆಲ್ಲ ಹುಟ್ಟಿದ್ದು ಸಿನೆಮಾ ಸ್ಟುಡಿಯೋಗಳಲ್ಲಲ್ಲ; ಹಿರಿಯರು ಓದಬೇಡವೆಂದು ಮಕ್ಕಳ ಕೈಯಿಂದ ಕಿತ್ತುಕೊಳ್ಳುತ್ತಿದ್ದ ಅಗ್ಗದ ಚಿತ್ರಪುಸ್ತಕಗಳಲ್ಲಿ. ಆ ಪುಸ್ತಕಗಳನ್ನು ಮಾಡಿದವರ ಹೆಸರು ಮಾತ್ರ ಬಹು ಜನರಿಗೆ ತಿಳಿಯದು. 1938ರಲ್ಲಿ ಸೂಪರ್‌ಮ್ಯಾನ್‌ನನ್ನು ಸೃಷ್ಟಿಸಿದ ಸೀಗಲ್ ಮತ್ತು ಶುಸ್ಟರ್ ಎಂಬ ಇಬ್ಬರು ತರುಣರು ತಮ್ಮ ವೀರನ ಹಕ್ಕನ್ನು 130 ಡಾಲರುಗಳಿಗೆ ಬರೆದುಕೊಟ್ಟರು. ಇಳಿವಯಸ್ಸಿನಲ್ಲಿ, 1975ರಲ್ಲಿ, ಅವರಿಗೊಂದು ಪಿಂಚಣಿಯೂ ಸೃಷ್ಟಿಕರ್ತರೆಂಬ ಮನ್ನಣೆಯೂ ದೊರೆತವು.

ಚಿತ್ರ ಬರೆದು ಕಥೆ ಹೇಳುವ ವಿದ್ಯೆ ಪರದೇಶದ್ದೆಂದು ನಾವು ಭಾವಿಸಬೇಕಾಗಿಲ್ಲ. ನಮ್ಮ ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಭೀಮಾ ತೀರದ ಕನಗನಹಳ್ಳಿಯಲ್ಲಿ, 1990ರ ದಶಕದ ಉತ್ಖನನದಲ್ಲಿ ಹೊರಬಂದ ಬೌದ್ಧ ಸ್ತೂಪವನ್ನು ನೋಡಿದವರಿಗೆ ಇದು ಸ್ಪಷ್ಟವಾಗುತ್ತದೆ. ಅಲ್ಲಿಯ ಶಿಲಾಫಲಕಗಳಲ್ಲಿ ಬುದ್ಧನ ಜೀವನವೂ ಜಾತಕ ಕಥೆಗಳೂ ಕೆತ್ತಲ್ಪಟ್ಟಿವೆ; ಹಲವು ಚಿತ್ರಗಳ ಬಳಿಯಲ್ಲಿ ಇದು ಇಂಥದೆಂದು ಬ್ರಾಹ್ಮೀ ಲಿಪಿಯಲ್ಲಿ ಬರೆದಿದೆ. ಅಶೋಕ ಚಕ್ರವರ್ತಿಯ ಮೂರ್ತಿಯ ಜೊತೆಗೆ ಅವನ ಹೆಸರೂ ಇದೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ನಮ್ಮ ನೆಲದಲ್ಲಿ ಚಿತ್ರವೂ ಬರಹವೂ ಕೂಡಿ ಕಥೆ ಹೇಳಿದ್ದವು. ಅದೇ ಕೆಲಸವನ್ನು ನಮ್ಮ ಕಾಲದಲ್ಲಿ ಕಾಗದದ ಮೇಲೆ ನಡೆಸಿ, ಭಾರತದ ಮಕ್ಕಳಿಗೆ ಅವರದೇ ವೀರರನ್ನು ಪರಿಚಯ ಮಾಡಿಕೊಟ್ಟ ಕನ್ನಡನಾಡಿನ ಮಗನೊಬ್ಬನ ಜೀವನವನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲು ಯತ್ನಿಸಿದ್ದೇನೆ.

ಅನಂತ ಪೈಯವರು 1929ನೆಯ ಇಸವಿ ಸೆಪ್ಟೆಂಬರ್ 17ರಂದು ಕಾರ್ಕಳದಲ್ಲಿ ಜನಿಸಿದರು. ತಂದೆ ವೆಂಕಟರಾಯ ಪೈ, ತಾಯಿ ಸುಶೀಲಾ ಪೈ. ಮಗುವಿಗೆ ಎರಡು ವರ್ಷ ತುಂಬುವಷ್ಟರಲ್ಲಿ ತಂದೆತಾಯಿಗಳಿಬ್ಬರೂ ತೀರಿಕೊಂಡರು. ಬಂಧುಗಳ ಆಶ್ರಯದಲ್ಲಿ ಬೆಳೆದ ಬಾಲಕನು ಹನ್ನೆರಡನೆಯ ವಯಸ್ಸಿನಲ್ಲಿ ಕರಾವಳಿಯನ್ನು ಬಿಟ್ಟು ಮುಂಬಯಿಗೆ ಹೋದನು. ಮಾಹಿಮ್‌ನ ಓರಿಯಂಟ್ ಶಾಲೆಯಲ್ಲಿ ಓದಿ, ತರುವಾಯ ವಿಲ್ಸನ್ ಕಾಲೇಜನ್ನು ಸೇರಿ, ಕೊನೆಗೆ ಮುಂಬಯಿ ವಿಶ್ವವಿದ್ಯಾಲಯದ ರಾಸಾಯನಿಕ ತಂತ್ರಜ್ಞಾನ ವಿಭಾಗದಲ್ಲಿ ವ್ಯಾಸಂಗ ಮಾಡಿದನು. ಅಂಥ ವಿದ್ಯೆ ಪಡೆದವನಿಗೆ ಕಾರ್ಖಾನೆಗಳ ಬಾಗಿಲು ತೆರೆದೇ ಇತ್ತು. ಆದರೆ ಮನಸ್ಸು ಅತ್ತ ಹೋಗಲಿಲ್ಲ. ಅದು ಅಚ್ಚಿನ ಮನೆಯ ಕಡೆಗೂ ಮಕ್ಕಳ ಓದಿನ ಕಡೆಗೂ ಎಳೆಯುತ್ತಿತ್ತು.

1954ರಲ್ಲಿ ಪೈಯವರು ಮಾನವ ಎಂಬ ಮಕ್ಕಳ ಪತ್ರಿಕೆಯನ್ನು ಹೊರಡಿಸಿದರು. ಅದು ನಿಲ್ಲಲಿಲ್ಲ. ಇಪ್ಪತ್ತೈದರ ಹರೆಯದಲ್ಲಿ ಮೊದಲ ಪ್ರಯತ್ನವೇ ಹೀಗೆ ನೆಲಕಚ್ಚಿದಾಗ ಅನೇಕರು ಆ ದಾರಿಯನ್ನೇ ತೊರೆಯುತ್ತಾರೆ. ಪೈಯವರು ತೊರೆಯಲಿಲ್ಲ. ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯ ಪುಸ್ತಕ ವಿಭಾಗದಲ್ಲಿ ಕಿರಿಯ ಹುದ್ದೆಯೊಂದನ್ನು ಹಿಡಿದು ಕೆಲಸ ಕಲಿಯತೊಡಗಿದರು. 1961ರಲ್ಲಿ ಅವರಿಗೆ ಲಲಿತಾ ಅವರೊಡನೆ ವಿವಾಹವಾಯಿತು. ಈ ದಂಪತಿಗಳಿಗೆ ಮಕ್ಕಳಾಗಲಿಲ್ಲ. ಮುಂದೆ ದೇಶದ ಲಕ್ಷಾಂತರ ಮಕ್ಕಳು ಅವರನ್ನು ಪೈ ಅಂಕಲ್ ಎಂದು ಕರೆಯುವಂತಾಯಿತು.

1964ರ ಮಾರ್ಚ್ ತಿಂಗಳಲ್ಲಿ ಆ ಸಂಸ್ಥೆಯು ಇಂದ್ರಜಾಲ ಕಾಮಿಕ್ಸ್ ಎಂಬ ಮಾಲೆಯನ್ನು ಆರಂಭಿಸಿತು. ಅದರ ಕೆಲಸದಲ್ಲಿ ಪೈಯವರ ಪಾಲು ದೊಡ್ಡದು. ಮಾಲೆಯ ಮೊದಲ ನಾಯಕ ಫ್ಯಾಂಟಮ್. ಅಮೆರಿಕದ ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಈ ಮುಸುಕಿನ ವೀರನು ಮೈಗಂಟಿದ ಉಡುಪಿನಲ್ಲಿ ಸೂಪರ್‌ಮ್ಯಾನ್‌ಗಿಂತ ಎರಡು ವರ್ಷ ಮೊದಲೇ ಕಾಣಿಸಿಕೊಂಡವನು. ಆದುದರಿಂದ ಇಂದು ತೆರೆಯ ಮೇಲೆ ಮೆರೆಯುವ ವೇಷಧಾರಿ ವೀರರಿಗೆಲ್ಲ ಅವನು ಹಿರಿಯಣ್ಣನೆನ್ನಬಹುದು. ನಮ್ಮ ದೇಶದ ಓದುಗರಿಗಾಗಿ ಆ ಕಥೆಗಳಲ್ಲಿ ಕೆಲವು ಮಾರ್ಪಾಟುಗಳಾದವು. ಫ್ಯಾಂಟಮ್‌ನ ಕಾಡಿನ ನಾಡಿಗೆ ಮೂಲದಲ್ಲಿದ್ದ ಹೆಸರು ಬಂಗಾಳವನ್ನು ನೆನಪಿಗೆ ತರುತ್ತಿದ್ದುದರಿಂದ ಇಲ್ಲಿ ಅದು ಡೆಂಕಾಲಿಯಾಯಿತು. ಸಿಂಗ್ ಎಂಬ ಕಡಲ್ಗಳ್ಳರು ಸಿಂಗರಾದರು. ರಾಮ ಎಂಬ ಕೊಲೆಗಡುಕನ ಹೆಸರನ್ನು ರಾಮಲು ಎಂದು ತಿದ್ದಲಾಯಿತು. ಪರದೇಶದ ಚಿತ್ರಪುಸ್ತಕವನ್ನು ನಮ್ಮ ಮಗುವಿನ ಕೈಗೆ ಕೊಡುವಾಗ ಹೆಸರೊಂದು ಕೂಡ ಎಷ್ಟು ಮುಖ್ಯವೆಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಚೌಕಟ್ಟುಗಳ ಜೋಡಣೆ, ಮಾತಿನ ಗುಳ್ಳೆಗಳ ಅಳತೆ, ಬಣ್ಣ, ಬೆಲೆ, ಮಾರಾಟ, ಇವೆಲ್ಲದರ ಒಳಗುಟ್ಟನ್ನು ಪೈಯವರು ಈ ಅನ್ಯದೇಶದ ವೀರನ ಸೇವೆಯಲ್ಲಿ ಅರಿತುಕೊಂಡರು.

1967ರ ಫೆಬ್ರವರಿ ತಿಂಗಳು. ಆಗ ಭಾರತದಲ್ಲಿ ದೂರದರ್ಶನವಿದ್ದುದು ದೆಹಲಿಯಲ್ಲಿ ಮಾತ್ರ. ಅಲ್ಲಿಗೆ ಹೋಗಿದ್ದ ಪೈಯವರು ಅಂಗಡಿಯೊಂದರ ಮುಂದೆ ನಿಂತು ವಿದ್ಯಾರ್ಥಿಗಳ ರಸಪ್ರಶ್ನೆಯ ಕಾರ್ಯಕ್ರಮವನ್ನು ನೋಡಿದರು. ಗ್ರೀಕ್ ಪುರಾಣದ ದೇವತೆಗಳ ವಿಷಯವಾಗಿ ಕೇಳಿದ ಪ್ರಶ್ನೆಗೆ ಹುಡುಗರು ಸರಾಗವಾಗಿ ಉತ್ತರಿಸಿದರು. ಶ್ರೀರಾಮನ ತಾಯಿ ಯಾರೆಂಬುದಕ್ಕೆ ಒಬ್ಬರಿಗೂ ಉತ್ತರ ಹೊಳೆಯಲಿಲ್ಲ. ಈ ಪ್ರಸಂಗವನ್ನು ಪೈಯವರು ಮುಂದೆ ಬಹಳ ಸಲ ಹೇಳಿಕೊಂಡಿದ್ದಾರೆ. ಪರರ ವೀರನನ್ನು ಮಕ್ಕಳ ಮನೆಗೆ ತಲುಪಿಸಿದ ಕೈಗೆ ನಮ್ಮ ವೀರರನ್ನೂ ತಲುಪಿಸುವ ಹೊಣೆಯುಂಟೆಂದು ಅವರಿಗೆ ತೋರಿತು. ನೌಕರಿಯನ್ನು ಬಿಟ್ಟು ಪ್ರಕಾಶಕರ ಬಾಗಿಲುಗಳನ್ನು ತಟ್ಟಿದರು. ಹಲವರು ಒಲ್ಲೆನೆಂದರು. ಕೊನೆಗೆ ಇಂಡಿಯಾ ಬುಕ್ ಹೌಸ್‌ನ ಮೀರಚಂದಾನಿಯವರು ಒಪ್ಪಿದರು. ಅಮರ ಚಿತ್ರ ಕಥಾ ಮಾಲೆಯು ಹೀಗೆ ಪೈಯವರ ಸಂಪಾದಕತ್ವದಲ್ಲಿ ನಡೆಯತೊಡಗಿತು.

ಇಲ್ಲಿ ಕನ್ನಡಿಗರು ಗಮನಿಸತಕ್ಕ ಸಂಗತಿಯೊಂದಿದೆ. ಮಾಲೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಕೃಷ್ಣನ ಕಥೆಯೇ ಮೊದಲಿನದು. ಆದರೆ ಅದರ ಮೇಲಿನ ಸಂಖ್ಯೆ 11. ಮೊದಲಿನ ಹತ್ತು ಸಂಖ್ಯೆಗಳಲ್ಲಿ ಬಂದವು ಪಾಶ್ಚಾತ್ಯ ಕಿನ್ನರ ಕಥೆಗಳು. ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಕೆಲಸ ನೋಡಿಕೊಳ್ಳುತ್ತಿದ್ದ ಜಿ. ಕೆ. ಅನಂತರಾಮ್ ಅವರು 1965ರಲ್ಲಿ ಇವನ್ನು ಕನ್ನಡದಲ್ಲಿ ತಂದರೆಂದೂ, ಅವು ಚೆನ್ನಾಗಿ ಮಾರಾಟವಾದುದರಿಂದಲೇ ಮುಂಬಯಿಯ ಮುಖ್ಯ ಕಚೇರಿಗೆ ಧೈರ್ಯ ಬಂದಿತೆಂದೂ, ಆ ಬಳಿಕವೇ ಪುರಾಣ ಇತಿಹಾಸಗಳ ಯೋಜನೆಯೊಡನೆ ಪೈಯವರು ಬಂದರೆಂದೂ ಅನಂತರಾಮ್ ಅವರು ಹೇಳಿದ್ದಾರೆ. ದೆಹಲಿಯ ಅಂಗಡಿಯ ಕಥೆ ದೇಶಕ್ಕೆಲ್ಲ ತಿಳಿದಿದೆ. ಬೆಂಗಳೂರಿನ ಕಥೆ ಕನ್ನಡಿಗರಿಗೇ ತಿಳಿದಿಲ್ಲ. ಇವೆರಡರಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ತಳ್ಳಿಹಾಕಬೇಕಾಗಿಲ್ಲ. ಹೆಸರನ್ನೂ ಮೊದಲ ಗ್ರಾಹಕರನ್ನೂ ಕೊಟ್ಟುದು ಕನ್ನಡ. ಅದಕ್ಕೆ ಭಾರತದ ಕಥೆಗಳನ್ನು ತುಂಬಿ ನಾಲ್ಕು ದಶಕ ನಡೆಸಿದವರು ಕಾರ್ಕಳದಲ್ಲಿ ಹುಟ್ಟಿದ ಪೈಯವರು. ಇಬ್ಬರಿಗೂ ಸಲ್ಲಬೇಕಾದುದು ಸಲ್ಲಲಿ ಎಂಬುದೇ ನನ್ನ ವಿನಂತಿ. ಸೀಗಲ್ ಮತ್ತು ಶುಸ್ಟರರ ಹೆಸರನ್ನು ಮರೆತ ಅಮೆರಿಕವನ್ನು ಹಳಿಯುವ ನಾವು ನಮ್ಮ ಮನೆಯಲ್ಲಿ ಅದೇ ತಪ್ಪನ್ನು ಮಾಡಬಾರದು.

ಮೊದಲ ಕೆಲವು ವರ್ಷಗಳಲ್ಲಿ ಮಾರಾಟ ಮಂದವಾಗಿತ್ತು. ಚಿತ್ರಪುಸ್ತಕವೆಂದರೆ ಮಕ್ಕಳನ್ನು ಕೆಡಿಸುವ ವಸ್ತುವೆಂದು ಶಾಲೆಗಳೂ ತಂದೆತಾಯಿಗಳೂ ನಂಬಿದ್ದರು. ಪೈಯವರು ಬೇಸರಿಸದೆ ಶಾಲೆಯಿಂದ ಶಾಲೆಗೆ ಅಲೆದು ಉಪಾಧ್ಯಾಯರ ಮನವೊಲಿಸಿದರು. 1978ರಲ್ಲಿ ಶಾಲಾ ಶಿಕ್ಷಣದಲ್ಲಿ ಚಿತ್ರಕಥೆಯ ಸ್ಥಾನವನ್ನು ಕುರಿತು ದೆಹಲಿಯಲ್ಲಿ ವಿಚಾರಗೋಷ್ಠಿಯೇ ನಡೆಯಿತು. ಎಪ್ಪತ್ತರ ದಶಕದ ಅಂತ್ಯಕ್ಕೆ ವರ್ಷವೊಂದಕ್ಕೆ ಸುಮಾರು 50 ಲಕ್ಷ ಪ್ರತಿಗಳು ಮಾರಾಟವಾಗುವಂತಾದವು. ರಾಮ್ ವಾಯೀರ್ಕರ್, ಪ್ರತಾಪ್ ಮುಳಿಕ್ ಮೊದಲಾದ ಕಲಾವಿದರೂ, ಕಮಲಾ ಚಂದ್ರಕಾಂತ್, ಸುಬ್ಬರಾವ್, ಲೂಯಿಸ್ ಫರ್ನಾಂಡಿಸ್ ಮೊದಲಾದ ಬರಹಗಾರರೂ ಅವರೊಡನೆ ದುಡಿದರು. ರಾಮಾಯಣ, ಮಹಾಭಾರತ, ಜಾತಕ, ಪಂಚತಂತ್ರಗಳ ಜೊತೆಗೆ ಅಶೋಕ, ಕೃಷ್ಣದೇವರಾಯ, ಟಿಪ್ಪು ಸುಲ್ತಾನ್, ಅಂಬೇಡ್ಕರ್ ಇವರ ಜೀವನಗಳೂ ಚಿತ್ರಗಳಾದವು. 1985ರಿಂದ ಮಹಾಭಾರತವೊಂದೇ 42 ಸಂಚಿಕೆಗಳಲ್ಲಿ ಬಂದಿತು. ಒಟ್ಟು ಪುಸ್ತಕಗಳು ನಾನೂರನ್ನು ಮೀರಿದವು.

ಪೈಯವರ ಉದ್ಯೋಗ ಇಷ್ಟಕ್ಕೇ ನಿಲ್ಲಲಿಲ್ಲ. 1969ರಲ್ಲಿ ಪತ್ರಿಕೆಗಳಿಗೆ ಚಿತ್ರಕಥೆಗಳನ್ನು ಒದಗಿಸುವ ರಂಗರೇಖಾ ಫೀಚರ್ಸ್ ಎಂಬ ಸಂಸ್ಥೆಯನ್ನು ಕಟ್ಟಿದರು. ಉದ್ದ ಬಾಲದ ಕಪೀಶನೆಂಬ ಕೋತಿಯು ಅವರ ಕಲ್ಪನೆಯ ಕೂಸು. ಬೇಕಾದಂತೆ ಬಾಲವನ್ನು ಬೆಳೆಸಬಲ್ಲ ಅವನನ್ನು ನಮ್ಮ ಕಾಡಿನ ಪುಟ್ಟ ಸೂಪರ್‌ಹೀರೋ ಎನ್ನಬಹುದು. 1980ರಲ್ಲಿ ಟಿಂಕಲ್ ಎಂಬ ಮಕ್ಕಳ ಪತ್ರಿಕೆ ಹೊರಬಂತು. ಹೇಳಿದ ಮಾತನ್ನೆಲ್ಲ ತಪ್ಪಾಗಿ ತಿಳಿಯುವ ಸುಪ್ಪಂಡಿಯೂ, ಪುಕ್ಕಲು ಬೇಟೆಗಾರ ಶಿಕಾರಿ ಶಂಭುವೂ ಅದರಲ್ಲಿ ಮನೆಮಾತಾದರು. 1954ರಲ್ಲಿ ಮಾನವ ಪತ್ರಿಕೆಯೊಡನೆ ಮುರಿದುಬಿದ್ದ ಕನಸು ಇಪ್ಪತ್ತಾರು ವರ್ಷಗಳ ಬಳಿಕ ಹೀಗೆ ನನಸಾಯಿತು.

ದೊಡ್ಡವರ ಜೀವನ ಬರೆಯುವಾಗ ಗುಣವನ್ನಷ್ಟೇ ಹೇಳಿ ಮುಗಿಸುವುದು ಸಲ್ಲದು. ಅಮರ ಚಿತ್ರ ಕಥೆಯ ಮೇಲೆ ವಿದ್ವಾಂಸರು ಹಲವು ಆಕ್ಷೇಪಗಳನ್ನು ಎತ್ತಿದ್ದಾರೆ. ದೇವತೆಗಳೂ ವೀರರೂ ಬಿಳುಪಾಗಿ, ರಾಕ್ಷಸರು ಕಪ್ಪಾಗಿ ಕಾಣುವುದೇಕೆ? ಸ್ತ್ರೀಯರ ಹಿರಿಮೆ ಹೆಚ್ಚಾಗಿ ತ್ಯಾಗದಲ್ಲಿಯೇ ಏಕಿರಬೇಕು? ನೂರು ಬಗೆಯಾಗಿ ಹೇಳುವ ರಾಮಾಯಣವನ್ನು ಒಂದೇ ಬಗೆಯಲ್ಲಿ ಬಿಗಿದರೆ ಉಳಿದ ಬಗೆಗಳ ಗತಿಯೇನು? ಈ ಪ್ರಶ್ನೆಗಳು ನ್ಯಾಯವಾದವು. ಲಕ್ಷಾಂತರ ಮಕ್ಕಳ ಕಣ್ಣಿನಲ್ಲಿ ರಾಮನ ಮುಖ ಹೇಗಿರಬೇಕೆಂದು ನಿರ್ಧರಿಸುವವನ ಹೊಣೆ ಸಣ್ಣದಲ್ಲ. ಈ ಅರಿವಿನಿಂದ ಓದಿದರೆ ಪೈಯವರ ಕೆಲಸಕ್ಕೆ ಕುಂದು ಬರುವುದಿಲ್ಲ. ಅದರ ಬಲ ಎಷ್ಟೆಂಬುದು ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಮತ್ತೊಂದು ಸಂದೇಹ ಏಳಬಹುದು. ಅಮೆರಿಕದ ಪುಸ್ತಕಗಳು ಚಿತ್ರಗಳಾಗಿ ಜಗತ್ತನ್ನು ಗೆದ್ದವು; ಪೈಯವರ ಪುಸ್ತಕಗಳೇಕೆ ಹಾಗಾಗಲಿಲ್ಲ? ಇದಕ್ಕೆ ನನಗೆ ತೋರುವ ಕಾರಣ ಸರಳವಾಗಿದೆ. ಅಲ್ಲಿ ವೀರರು ಪುಟದಿಂದ ತೆರೆಗೆ ಏರಿದರು. ನಮ್ಮಲ್ಲಿ ಅವರು ಪುಟಕ್ಕೆ ಇಳಿಯುವ ಮೊದಲೇ ತೆರೆಯ ಮೇಲಿದ್ದರು. 1913ರ ರಾಜಾ ಹರಿಶ್ಚಂದ್ರ ಪುರಾಣದ ಕಥೆ. 1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನ ರಾಮಾಯಣದ ಕಥೆ. 1977ರ ಬಭ್ರುವಾಹನದಲ್ಲಿ ರಾಜಕುಮಾರರು ಅರ್ಜುನನಾಗಿಯೂ ಅವನ ಮಗನಾಗಿಯೂ ಬಿಲ್ಲು ಹಿಡಿದುದನ್ನು ನಮ್ಮ ಹಳ್ಳಿಗಳ ಹಿರಿಯರು ಇಂದಿಗೂ ವರ್ಣಿಸುತ್ತಾರೆ. ಸಿನೆಮಾ ನೋಡುವ ಅನುಕೂಲವಿಲ್ಲದ ಮಗುವಿಗೂ, ಪುರಾಣ ಹೇಳುವ ಅಜ್ಜಿಯಿಲ್ಲದ ನಗರದ ಮಗುವಿಗೂ ಆ ಕಥೆಗಳು ಕೈಗೆ ಸಿಗುವಂತೆ ಮಾಡಿದ್ದೇ ಪೈಯವರ ಸಾಧನೆ.

2007ರಲ್ಲಿ ಈ ಪ್ರಕಾಶನಗಳು ಎಸಿಕೆ ಮೀಡಿಯಾ ಎಂಬ ಹೊಸ ಸಂಸ್ಥೆಯ ಕೈಗೆ ಬಂದವು. 2011ರ ಫೆಬ್ರವರಿ 19ರಂದು, ದೆಹಲಿಯಲ್ಲಿ ನಡೆದ ಭಾರತದ ಮೊದಲ ಕಾಮಿಕ್ ಸಮ್ಮೇಳನದಲ್ಲಿ, ಪೈಯವರಿಗೆ ಜೀವಮಾನದ ಸಾಧನೆಯ ಪ್ರಶಸ್ತಿ ಸಂದಿತು. ಅದಾಗಿ ಐದೇ ದಿನಗಳಲ್ಲಿ, ಫೆಬ್ರವರಿ 24ರಂದು, ಹೃದಯಾಘಾತದಿಂದ ಮುಂಬಯಿಯಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 81 ವರ್ಷ ವಯಸ್ಸು.

ತಂದೆತಾಯಿಗಳಿಲ್ಲದ ಹುಡುಗ, ಮೊದಲ ಪತ್ರಿಕೆ ಮುಳುಗಿಹೋದ ತರುಣ, ಪರದೇಶದ ವೀರನ ಕಥೆ ತಿದ್ದುತ್ತಿದ್ದ ಕಿರಿಯ ನೌಕರ. ಇವನು ತನಗೆ ದೊರೆತ ಸಣ್ಣ ಕೆಲಸದಿಂದಲೇ ದೊಡ್ಡ ಕೆಲಸಕ್ಕೆ ಬೇಕಾದ ವಿದ್ಯೆಯನ್ನು ಗಳಿಸಿಕೊಂಡನು. ಅನ್ಯರ ಕಥೆಗಳನ್ನು ಮೆಚ್ಚುವುದು ತಪ್ಪಲ್ಲವೆಂದೂ, ಮೆಚ್ಚಿ ಅಲ್ಲಿಯೇ ನಿಂತುಬಿಡುವುದು ಸಾಲದೆಂದೂ ಪೈಯವರ ಜೀವನ ನಮಗೆ ತಿಳಿಸುತ್ತದೆ. ನಮ್ಮಲ್ಲಿ ಅನೇಕರು ಅವೆಂಜರ್ಸ್ ವೀರರ ಹೆಸರನ್ನು ಒಂದೂ ಬಿಡದೆ ಹೇಳಬಲ್ಲರು. ಸೇಡಮಿನ ಬಳಿಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವೆಂದೂ, ಸನ್ನತಿಯ ನೆರೆಯ ಕಲ್ಲಿನಲ್ಲಿ ಅಶೋಕನಿದ್ದಾನೆಂದೂ ಎಷ್ಟು ಜನ ಹೇಳಬಲ್ಲೆವು? ಆ ಕಲ್ಲುಗಳ ಕಥೆಯನ್ನು ಮಕ್ಕಳಿಗಾಗಿ ಕಾಗದಕ್ಕೆ ಇಳಿಸುವವರು ಈ ಕಾಲೇಜಿನ ಬೆಂಚುಗಳಿಂದಲೇ ಏಳಲಿ. ಅವರ ಹೆಸರನ್ನು ಮುಂದಿನವರು ಮರೆಯದಿರಲಿ.