ವರ್ಜೀನಿಯಾ ಅಪ್ಗಾರ್

ವರ್ಜೀನಿಯಾ ಅಪ್ಗಾರ್ (ಜೂನ್ 7, 1909 – ಆಗಸ್ಟ್ 7, 1974) ಅಮೆರಿಕ ಸಂಯುಕ್ತ ಸಂಸ್ಥಾನದ ವೈದ್ಯೆ, ಅರಿವಳಿಕೆ ತಜ್ಞೆ ಹಾಗೂ ಸಂಶೋಧಕಿ. ಆಗತಾನೇ ಹುಟ್ಟಿದ ಶಿಶುವಿಗೆ ತುರ್ತು ನೆರವು ಬೇಕೇ ಎಂಬುದನ್ನು ತಿಳಿಯಲು ಅವರು ರೂಪಿಸಿದ ಪರೀಕ್ಷಾ ವಿಧಾನ ಅಪ್ಗಾರ್ ಅಂಕ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಜನ್ಮದೋಷಗಳ ಅಧ್ಯಯನ ಮತ್ತು ಅವುಗಳ ಬಗೆಗಿನ ಜನಜಾಗೃತಿಯಲ್ಲಿಯೂ ಅವರು ಪ್ರಮುಖ ಪಾತ್ರ ವಹಿಸಿದರು.

ಬಾಲ್ಯ ಮತ್ತು ಶಿಕ್ಷಣ

ಅಪ್ಗಾರ್ ಅವರು ನ್ಯೂಜೆರ್ಸಿ ರಾಜ್ಯದ ವೆಸ್ಟ್‌ಫೀಲ್ಡ್‌ನಲ್ಲಿ ಜನಿಸಿದರು. ಮೂವರು ಮಕ್ಕಳಲ್ಲಿ ಅವರೇ ಕಿರಿಯರು. ತಂದೆ ಚಾರ್ಲ್ಸ್ ಅಪ್ಗಾರ್ ವಿಮಾ ಕ್ಷೇತ್ರದ ಉದ್ಯೋಗಿಯಾಗಿದ್ದು, ಬಿಡುವಿನ ವೇಳೆಯಲ್ಲಿ ರೇಡಿಯೋ ಪ್ರಯೋಗಗಳಲ್ಲಿಯೂ ಖಗೋಳ ವೀಕ್ಷಣೆಯಲ್ಲಿಯೂ ತೊಡಗುತ್ತಿದ್ದರು. ಅಣ್ಣಂದಿರಲ್ಲಿ ಒಬ್ಬರು ಎಳವೆಯಲ್ಲಿಯೇ ಕ್ಷಯರೋಗದಿಂದ ತೀರಿಕೊಂಡರು. ಮತ್ತೊಬ್ಬರು ದೀರ್ಘಕಾಲದ ಕಾಯಿಲೆಯಿಂದ ಬಳಲುತ್ತಿದ್ದರು.

ಮೌಂಟ್ ಹೋಲಿಯೋಕ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ಅಭ್ಯಸಿಸಿ 1929ರಲ್ಲಿ ಪದವಿ ಪಡೆದ ಅವರು, 1933ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದರು. ತರಗತಿಯಲ್ಲಿ ಅವರಿಗೆ ನಾಲ್ಕನೆಯ ಸ್ಥಾನ ಲಭಿಸಿತ್ತು.

ವೃತ್ತಿಜೀವನ

ಅಪ್ಗಾರ್ ಅವರಿಗೆ ಶಸ್ತ್ರವೈದ್ಯೆಯಾಗುವ ಹಂಬಲವಿತ್ತು. ಆದರೆ ಆ ಕ್ಷೇತ್ರದಲ್ಲಿ ಮಹಿಳೆಯರು ನೆಲೆಯೂರುವುದು ಆಗ ಬಹಳ ಕಷ್ಟವಾಗಿತ್ತು. ಕೊಲಂಬಿಯಾದ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥ ಆಲನ್ ವಿಪ್ಪಲ್ ಅವರ ಸಲಹೆಯಂತೆ ಅವರು ಅರಿವಳಿಕೆ ಶಾಸ್ತ್ರದತ್ತ ಹೊರಳಿದರು. ಆ ದಿನಗಳಲ್ಲಿ ಅಮೆರಿಕದಲ್ಲಿ ಅರಿವಳಿಕೆ ನೀಡುವ ಕೆಲಸವನ್ನು ಹೆಚ್ಚಾಗಿ ದಾದಿಯರೇ ನಿರ್ವಹಿಸುತ್ತಿದ್ದರು. ವೈದ್ಯಕೀಯದ ಸ್ವತಂತ್ರ ಶಾಖೆಯಾಗಿ ಅದು ಇನ್ನೂ ಬೆಳೆದಿರಲಿಲ್ಲ.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ರಾಲ್ಫ್ ವಾಟರ್ಸ್ ಅವರ ಬಳಿಯೂ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿಯೂ ತರಬೇತಿ ಪಡೆದ ಅವರು 1938ರಲ್ಲಿ ಕೊಲಂಬಿಯಾಕ್ಕೆ ಮರಳಿ ಅರಿವಳಿಕೆ ವಿಭಾಗದ ನಿರ್ದೇಶಕಿಯಾದರು. 1949ರಲ್ಲಿ ಅಲ್ಲಿನ ವೈದ್ಯಕೀಯ ಕಾಲೇಜಿನ ಪೂರ್ಣ ಪ್ರಾಧ್ಯಾಪಕ ಹುದ್ದೆಗೇರಿದ ಮೊದಲ ಮಹಿಳೆ ಎನಿಸಿಕೊಂಡರು. ವಿಭಾಗದ ಆಡಳಿತದ ಹೊಣೆ ಬೇರೆಯವರಿಗೆ ಹೋದ ಬಳಿಕ ಅವರು ಹೆರಿಗೆಯ ಸಮಯದಲ್ಲಿ ನೀಡುವ ಅರಿವಳಿಕೆಯ ಅಧ್ಯಯನಕ್ಕೆ ತಮ್ಮನ್ನು ತೊಡಗಿಸಿಕೊಂಡರು.

ಅಪ್ಗಾರ್ ಅಂಕ

ಅಂದಿನ ಹೆರಿಗೆ ಕೋಣೆಗಳಲ್ಲಿ ವೈದ್ಯರ ಗಮನ ಮುಖ್ಯವಾಗಿ ತಾಯಿಯ ಮೇಲಿರುತ್ತಿತ್ತು. ಉಸಿರಾಡಲು ತಿಣುಕುವ ಶಿಶುವನ್ನು ಗುರುತಿಸಲು ಎಲ್ಲರೂ ಒಪ್ಪುವ ಅಳತೆಗೋಲು ಇರಲಿಲ್ಲ. ಸಕಾಲದಲ್ಲಿ ನೆರವು ದೊರೆತಿದ್ದರೆ ಬದುಕಬಹುದಾಗಿದ್ದ ಕೆಲವು ಶಿಶುಗಳೂ ಸಾಯುತ್ತಿದ್ದವು. ನವಜಾತ ಶಿಶುವನ್ನು ಪರೀಕ್ಷಿಸುವ ಬಗೆ ಹೇಗೆಂದು ವಿದ್ಯಾರ್ಥಿಯೊಬ್ಬರು ಕೇಳಿದಾಗ, ಅಪ್ಗಾರ್ ಅವರು ಆಸ್ಪತ್ರೆಯ ಉಪಾಹಾರ ಗೃಹದಲ್ಲಿಯೇ ಐದು ಅಂಶಗಳನ್ನು ಬರೆದುಕೊಟ್ಟರು ಎಂಬ ಪ್ರತೀತಿ ಇದೆ. ಈ ವಿಧಾನವನ್ನು ಅವರು 1952ರಲ್ಲಿ ವೈದ್ಯರ ಸಮ್ಮೇಳನವೊಂದರಲ್ಲಿ ಮಂಡಿಸಿ, 1953ರಲ್ಲಿ ಪ್ರಕಟಿಸಿದರು.

ಶಿಶು ಜನಿಸಿದ ಒಂದು ನಿಮಿಷದ ನಂತರ ಕೆಳಗಿನ ಐದು ಲಕ್ಷಣಗಳಿಗೆ ತಲಾ 0, 1 ಅಥವಾ 2 ಅಂಕ ನೀಡಲಾಗುತ್ತದೆ:

- ಹೃದಯ ಬಡಿತ: ಬಡಿತವಿಲ್ಲದಿದ್ದರೆ 0, ನಿಮಿಷಕ್ಕೆ 100ಕ್ಕಿಂತ ಕಡಿಮೆಯಿದ್ದರೆ 1, 100 ಅಥವಾ ಹೆಚ್ಚಿದ್ದರೆ 2.
- ಉಸಿರಾಟ: ಇಲ್ಲದಿದ್ದರೆ 0, ನಿಧಾನ ಹಾಗೂ ಅನಿಯಮಿತವಾಗಿದ್ದರೆ 1, ಶಿಶು ಜೋರಾಗಿ ಅತ್ತರೆ 2.
- ಸ್ನಾಯುಗಳ ಬಿಗಿತ: ಕೈಕಾಲು ಜೋತುಬಿದ್ದಿದ್ದರೆ 0, ತುಸು ಮಡಚಿದ್ದರೆ 1, ಚುರುಕಾಗಿ ಆಡಿಸುತ್ತಿದ್ದರೆ 2.
- ಪ್ರಚೋದನೆಗೆ ಪ್ರತಿಕ್ರಿಯೆ: ಇಲ್ಲದಿದ್ದರೆ 0; ಮುಖ ಕಿವುಚಿದರೆ 1; ಅತ್ತರೆ, ಕೆಮ್ಮಿದರೆ ಅಥವಾ ಸೀನಿದರೆ 2.
- ಮೈಬಣ್ಣ: ಮೈಯೆಲ್ಲ ನೀಲಿಗಟ್ಟಿದ್ದರೆ ಅಥವಾ ಬಿಳಿಚಿದ್ದರೆ 0; ಕೈಕಾಲು ಮಾತ್ರ ನೀಲಿಯಾಗಿದ್ದರೆ 1; ಮೈಯೆಲ್ಲ ಗುಲಾಬಿ ಬಣ್ಣವಿದ್ದರೆ 2.

ಒಟ್ಟು ಅಂಕ 7ರಿಂದ 10ರವರೆಗೆ ಇದ್ದರೆ ಶಿಶುವಿನ ಸ್ಥಿತಿ ಸಮಾಧಾನಕರ ಎಂದೂ 3 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಗಂಭೀರ ಎಂದೂ ಪರಿಗಣಿಸಲಾಗುತ್ತದೆ. ಐದು ನಿಮಿಷಗಳ ನಂತರ ಮತ್ತೊಮ್ಮೆ ಅಂಕ ನೀಡುವ ಪದ್ಧತಿ ಬಳಿಕ ಸೇರ್ಪಡೆಯಾಯಿತು. ಕಪ್ಪು ಅಥವಾ ಕಂದು ಮೈಬಣ್ಣದ ಶಿಶುಗಳಲ್ಲಿ ತುಟಿ, ನಾಲಗೆ, ಅಂಗೈ ಮತ್ತು ಅಂಗಾಲುಗಳ ಬಣ್ಣವನ್ನು ಗಮನಿಸಬೇಕಾಗುತ್ತದೆ.

ಅಪ್ಗಾರ್ ಎಂಬುದು ವ್ಯಕ್ತಿನಾಮವೇ ಹೊರತು ಸಂಕ್ಷೇಪವಲ್ಲ. ಅಪಿಯರೆನ್ಸ್, ಪಲ್ಸ್, ಗ್ರಿಮೇಸ್, ಆ್ಯಕ್ಟಿವಿಟಿ, ರೆಸ್ಪಿರೇಷನ್ ಎಂಬ ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳನ್ನು ಆ ಹೆಸರಿಗೆ ಹೊಂದಿಸಿದ ನೆನಪಿನ ಸೂತ್ರವನ್ನು 1960ರ ದಶಕದ ಆರಂಭದಲ್ಲಿ ಮಕ್ಕಳ ವೈದ್ಯ ಜೋಸೆಫ್ ಬಟರ್‌ಫೀಲ್ಡ್ ಪ್ರಚಾರಕ್ಕೆ ತಂದರು.

ಸಂಶೋಧನೆ ಮತ್ತು ಮಿತಿಗಳು

ಡಂಕನ್ ಹಾಲಡೇ ಮತ್ತು ಸ್ಟ್ಯಾನ್ಲಿ ಜೇಮ್ಸ್ ಅವರೊಂದಿಗೆ ಅಪ್ಗಾರ್ ನವಜಾತ ಶಿಶುಗಳ ರಕ್ತವನ್ನು ಪರೀಕ್ಷಿಸಿದರು. ಕಡಿಮೆ ಅಂಕ ಪಡೆದ ಶಿಶುಗಳ ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗಿ ಆಮ್ಲೀಯತೆ ಹೆಚ್ಚಿರುವುದು ಕಂಡುಬಂದಿತು. ತಾಯಿಗೆ ಕೊಡುತ್ತಿದ್ದ ಸೈಕ್ಲೋಪ್ರೊಪೇನ್ ಎಂಬ ಅರಿವಳಿಕೆ ಅನಿಲ ಶಿಶುವಿನ ಸ್ಥಿತಿಯನ್ನು ಕುಗ್ಗಿಸುತ್ತದೆ ಎಂಬುದನ್ನೂ ಅವರು ಗುರುತಿಸಿ, ಹೆರಿಗೆಯಲ್ಲಿ ಅದರ ಬಳಕೆಯನ್ನು ಕೈಬಿಟ್ಟರು. 1958ರಲ್ಲಿ ಪ್ರಕಟವಾದ ಎರಡನೆಯ ವರದಿ 15,348 ಶಿಶುಗಳನ್ನು ಒಳಗೊಂಡಿತ್ತು.

ಈ ಅಂಕವು ಶಿಶುವಿನ ಆ ಕ್ಷಣದ ಸ್ಥಿತಿಯನ್ನು ಮಾತ್ರ ಸೂಚಿಸುತ್ತದೆ. ಮಗುವಿನ ಮುಂದಿನ ಬುದ್ಧಿಶಕ್ತಿಯನ್ನಾಗಲಿ ಆರೋಗ್ಯವನ್ನಾಗಲಿ ಇದರಿಂದ ನಿರ್ಧರಿಸಲಾಗದು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಲ್ಲಿ ಬೇರೆ ತೊಂದರೆಯಿಲ್ಲದಿದ್ದರೂ ಅಂಕ ಕಡಿಮೆ ಬರಬಹುದು. ಉಸಿರಾಡದ ಶಿಶುವಿಗೆ ಚಿಕಿತ್ಸೆ ಆರಂಭಿಸಲು ಒಂದು ನಿಮಿಷದ ಅಂಕಕ್ಕಾಗಿ ಕಾಯುವಂತಿಲ್ಲ.

ಜನ್ಮದೋಷಗಳ ಕ್ಷೇತ್ರದಲ್ಲಿ

1959ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದ ಅಪ್ಗಾರ್, ಅದೇ ವರ್ಷ ಮಾರ್ಚ್ ಆಫ್ ಡೈಮ್ಸ್ ಪ್ರತಿಷ್ಠಾನವನ್ನು ಸೇರಿ ಅದರ ಜನ್ಮದೋಷ ವಿಭಾಗದ ಮುಖ್ಯಸ್ಥೆಯಾದರು. ಪೋಲಿಯೋ ವಿರುದ್ಧ ಹೋರಾಡಲು ಸ್ಥಾಪನೆಯಾಗಿದ್ದ ಆ ಸಂಸ್ಥೆ ಲಸಿಕೆ ಬಂದ ನಂತರ ಜನ್ಮದೋಷಗಳತ್ತ ಗಮನ ಹರಿಸಿತ್ತು. 1964–65ರ ಅವಧಿಯಲ್ಲಿ ಅಮೆರಿಕದಲ್ಲಿ ರುಬೆಲ್ಲಾ ವ್ಯಾಪಕವಾಗಿ ಹರಡಿತು. ಗರ್ಭಿಣಿಗೆ ತಗಲಿದ ಈ ಸೋಂಕು ಮಗುವಿನಲ್ಲಿ ಕಿವುಡು, ಕಣ್ಣಿನ ಪೊರೆ ಮತ್ತು ಹೃದಯದ ದೋಷಗಳಿಗೆ ಕಾರಣವಾಗಬಲ್ಲದು. ಅಪ್ಗಾರ್ ಅವರು ರುಬೆಲ್ಲಾ ಲಸಿಕೆಯ ಅಗತ್ಯವನ್ನು ಪ್ರತಿಪಾದಿಸಿದರು. ತಾಯಿ ಮತ್ತು ಶಿಶುವಿನ ಆರ್‌ಎಚ್ ರಕ್ತಗುಂಪುಗಳ ಹೊಂದಾಣಿಕೆಯಿಲ್ಲದಿರುವಿಕೆಯನ್ನು ಪರೀಕ್ಷೆಯಿಂದ ಪತ್ತೆಹಚ್ಚುವಂತೆಯೂ ಪ್ರಚಾರ ನಡೆಸಿದರು. ಜೋನ್ ಬೆಕ್ ಅವರೊಡನೆ ಜನ್ಮದೋಷಗಳ ಕುರಿತು ಪೋಷಕರಿಗಾಗಿ ಬರೆದ ಅವರ ಪುಸ್ತಕ 1972ರಲ್ಲಿ ಪ್ರಕಟವಾಯಿತು.

ವೈಯಕ್ತಿಕ ಜೀವನ, ನಿಧನ ಮತ್ತು ಗೌರವಗಳು

ಅಪ್ಗಾರ್ ಅವಿವಾಹಿತರಾಗಿಯೇ ಉಳಿದರು. ಪಿಟೀಲು ಮತ್ತು ವಯೋಲಾ ನುಡಿಸುತ್ತಿದ್ದ ಅವರು ತಂತಿವಾದ್ಯಗಳನ್ನು ತಯಾರಿಸುವುದನ್ನೂ ಕಲಿತಿದ್ದರು. ಯಕೃತ್ತಿನ ಕಾಯಿಲೆಯಿಂದಾಗಿ ನ್ಯೂಯಾರ್ಕಿನಲ್ಲಿ, ತಾವು ದೀರ್ಘಕಾಲ ದುಡಿದಿದ್ದ ಆಸ್ಪತ್ರೆಯಲ್ಲಿಯೇ ನಿಧನರಾದರು.

1994ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು. 1995ರಲ್ಲಿ ಅಲ್ಲಿನ ರಾಷ್ಟ್ರೀಯ ಮಹಿಳಾ ಗೌರವ ಮಂದಿರಕ್ಕೆ ಅವರ ಹೆಸರನ್ನು ಸೇರಿಸಲಾಯಿತು. ಭಾರತವೂ ಸೇರಿದಂತೆ ಹಲವು ದೇಶಗಳ ಹೆರಿಗೆ ಆಸ್ಪತ್ರೆಗಳಲ್ಲಿ ನವಜಾತ ಶಿಶುವಿನ ಅಪ್ಗಾರ್ ಅಂಕವನ್ನು ಇಂದಿಗೂ ದಾಖಲಿಸಲಾಗುತ್ತದೆ.