ಕನಕದಾಸರ ಮುಂಡಿಗೆ

ಪ್ರತಿದಿನ ಮುಂಜಾನೆ ಯಾದಗಿರಿಯ ನಮ್ಮ ಕಾರ್ಯಾಲಯದ ಕಟ್ಟೆಯ ಮೇಲೆ ನಾಲ್ಕೈದು ಮಂದಿ ಮಿತ್ರರು ಕೂಡುವ ರೂಢಿಯಿದೆ. ಅವರು ನಮ್ಮ ಅಗ್ರಲೇಖನವನ್ನು ಓದುವುದಕ್ಕೆ ಮೊದಲು ಪದಬಂಧದ ಮನೆಗಳನ್ನು ತುಂಬಲು ತೊಡಗುವರು. ಶಹಾಪುರದ ವಾಚನಾಲಯದಲ್ಲಿಯೂ ಸುರಪುರದ ಕಚೇರಿಗಳಲ್ಲಿಯೂ ಇದೇ ಸ್ಥಿತಿಯೆಂದು ಕೇಳಿರುವೆವು. ಇದರಿಂದ ನಮಗೆ ಅಸಮಾಧಾನವೇನೂ ಇಲ್ಲ. ಒಂದು ಶಬ್ದಕ್ಕಾಗಿ ಅರ್ಧ ಗಳಿಗೆ ತಲೆ ಕೆರೆದುಕೊಳ್ಳುವವನು ಭಾಷೆಯ ವೈರಿಯಲ್ಲ.

ಕೆಲವು ದಿನಗಳ ಹಿಂದೆ ತರುಣ ಅಧಿಕಾರಿಯೊಬ್ಬರು, ಇಂತಹ ಗೂಢಪದಗಳ ವಿನೋದವು ನಮ್ಮಲ್ಲಿಯೂ ಇದ್ದಿತೇ ಎಂದು ವಿಚಾರಿಸಿದರು. ನಾವು ಹಿಂದುಮುಂದು ನೋಡದೆ, ಇದು ಪಶ್ಚಿಮದಿಂದ ಬಂದುದೆಂದು ಹೇಳಿಬಿಟ್ಟೆವು. ಭಜನೆಯ ಸಪ್ತಾಹದ ಸುದ್ದಿಯನ್ನು ಕೊಡಲು ಸುರಪುರದಿಂದ ಬಂದಿದ್ದ ವೃದ್ಧರೊಬ್ಬರು ಇದನ್ನು ಕೇಳಿ ನಕ್ಕು, ನಮ್ಮ ಮುಂದೆ ತಮ್ಮದೇ ಒಂದು ಪ್ರಶ್ನೆಯನ್ನಿಟ್ಟರು: ಗಿರಿಜೆಯ ಮಗನ ವಾಹನದ ಆಹಾರವನ್ನು ಹಾಸಿಗೆ ಮಾಡಿಕೊಂಡವನು ಯಾರು? ನಾವು ಗಿರಿಜೆಯ ಮಗನೆಂದರೆ ಗಣಪತಿ, ಅವನ ವಾಹನ ಇಲಿ, ಇಲಿಯ ಆಹಾರ ಕಾಳು ಎಂದು ಹೋಗಿ, ಕಾಳಿನ ರಾಶಿಯಲ್ಲಿಯೇ ಸಿಕ್ಕಿಕೊಂಡೆವು. ಗಿರಿಜೆಗೆ ಮಕ್ಕಳು ಇಬ್ಬರಲ್ಲವೇ ಎಂದು ಮುದುಕರು ಸೂಚಿಸಿದ ಮೇಲೆ ದಾರಿ ತೆರೆಯಿತು. ಮಗ ಷಣ್ಮುಖ, ವಾಹನ ನವಿಲು, ಆಹಾರ ಸರ್ಪ, ಸರ್ಪಶಯನನು ಶ್ರೀಹರಿ. ಈ ವಿದ್ಯೆಯನ್ನು ತಾವು ಕಲಿತುದು ಕನಕದಾಸರ ಮುಂಡಿಗೆಗಳಿಂದ ಎಂದು ಹೇಳಿ ಅವರು ಹೊರಟುಹೋದರು. ನಮ್ಮ ಅವಸರದ ಉತ್ತರಕ್ಕೆ ಪ್ರಾಯಶ್ಚಿತ್ತವೆಂದು ಇಂದಿನ ಈ ಲೇಖನ.

ಈಗಿನ ಚೌಕುಮನೆಗಳ ಪದಬಂಧವು ಪಶ್ಚಿಮದ್ದೆಂಬುದು ನಿಜವೇ. ಆರ್ಥರ್ ವಿನ್ ಎಂಬುವರು ರಚಿಸಿದ ಮೊದಲನೆಯ ಪದಬಂಧವು ೧೯೧೩ನೆಯ ಇಸವಿಯ ಡಿಸೆಂಬರ್ ೨೧ರಂದು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಹೇಳುವುದೊಂದು, ಸೂಚಿಸುವುದೊಂದು ಎಂಬ ಗೂಢಸುಳಿವಿನ ಕಲೆಯನ್ನು ಅದಕ್ಕೆ ಕೂಡಿಸಿ ಬೆಳೆಸಿದವರು ಆಂಗ್ಲರು. ಆದರೆ ಆ ಕಲೆಯ ಜೀವಾಳವು ನಮ್ಮ ನಾಡಿನಲ್ಲಿ ಅದಕ್ಕೆ ಶತಮಾನಗಳ ಮೊದಲೇ, ಹದಿನಾರನೆಯ ಶತಮಾನದ ಒಬ್ಬ ಕುರುಬರ ನಾಯಕನ ಬಾಯಲ್ಲಿ ಹಾಡಾಗಿದ್ದಿತು.

ಈಗಿನ ಹಾವೇರಿ ಜಿಲ್ಲೆಯ ಬಾಡ ಎಂಬ ಗ್ರಾಮವು ಕನಕದಾಸರ ಜನ್ಮಸ್ಥಳ. ತಂದೆ ಬೀರಪ್ಪ, ತಾಯಿ ಬಚ್ಚಮ್ಮ. ಮಗನಿಗೆ ಇಟ್ಟ ಹೆಸರು ತಿಮ್ಮಪ್ಪ. ವಿಜಯನಗರದ ಆಶ್ರಯದಲ್ಲಿ ನಾಯಕತನವನ್ನು ನಡೆಸುತ್ತಿದ್ದ ಮನೆತನವದು. ನೆಲದಲ್ಲಿ ಹೊನ್ನು ದೊರೆತುದರಿಂದ ತಿಮ್ಮಪ್ಪನಾಯಕನು ಕನಕನಾಯಕನಾದನೆಂದೂ, ಯುದ್ಧದಲ್ಲಿ ಗಾಯಗೊಂಡು ಬಿದ್ದ ಬಳಿಕ ಖಡ್ಗವನ್ನು ತ್ಯಜಿಸಿ ಕಾಗಿನೆಲೆಯ ಆದಿಕೇಶವನಿಗೆ ಶರಣಾದನೆಂದೂ ಪರಂಪರೆಯು ಹೇಳುವುದು. ಆ ಆದಿಕೇಶವನ ಹೆಸರೇ ಅವರ ಕೀರ್ತನೆಗಳ ಅಂಕಿತವಾಯಿತು.

ಅನಂತರ ಅವರು ವಿಜಯನಗರದ ವ್ಯಾಸರಾಯರ ಶಿಷ್ಯರಾದರು. ರಾಜಮಾನ್ಯರಾದ ಆ ಯತಿಗಳ ಮಠದಲ್ಲಿ ಶಾಸ್ತ್ರವನ್ನು ಅರೆದು ಕುಡಿದ ಪಂಡಿತರು ತುಂಬಿದ್ದರು. ಕುರುಬರವನೊಬ್ಬನಿಗೆ ಗುರುಗಳು ತೋರಿದ ಪ್ರೀತಿಯು ಅವರಲ್ಲಿ ಅನೇಕರಿಗೆ ಸಹನವಾಗಲಿಲ್ಲ. ಆ ಕಾಲದ ಬಗ್ಗೆ ಜನರು ಹೇಳುವ ಕಥೆಗಳನ್ನು ಒಟ್ಟಿಗೆ ನೋಡಿದರೆ ಒಂದು ವಿಶೇಷವು ಕಾಣುವುದು: ಪ್ರತಿಯೊಂದು ಕಥೆಯೂ ಒಂದು ಒಗಟೇ ಆಗಿದೆ.

ಮಂತ್ರವನ್ನು ಬೇಡಿ ಬಂದ ಕನಕರಿಗೆ ಕೋಣವೆಂಬ ಶಬ್ದವನ್ನೇ ಜಪಿಸೆಂದು ಹೇಳಿದರಂತೆ. ಉಳಿದವರು ಅದನ್ನು ಪರಿಹಾಸ್ಯವೆಂದು ತಿಳಿದರು. ಕನಕರು ಮಂತ್ರವೆಂದೇ ಜಪಿಸಿದರು. ಯಮನ ಕೋಣವೇ ಪ್ರತ್ಯಕ್ಷವಾಗಿ, ಕೆರೆಯ ಕೆಲಸಕ್ಕೆ ಅಡ್ಡಲಾಗಿದ್ದ ಬಂಡೆಯನ್ನು ಸರಿಸಿತೆಂದು ಕಥೆ. ಏಕಾದಶಿಯಂದು ಯಾರೂ ನೋಡದ ಎಡೆಯಲ್ಲಿ ಹಣ್ಣನ್ನು ತಿಂದು ಬನ್ನಿರೆಂದು ಗುರುಗಳು ಹೇಳಲು, ದೇವರಿಲ್ಲದ ಎಡೆಯು ಸಿಕ್ಕದೆ ಕನಕರು ಹಣ್ಣನ್ನು ಹಾಗೆಯೇ ಮರಳಿ ತಂದರೆಂಬುದು ಇನ್ನೊಂದು. ಇವರಲ್ಲಿ ಮೋಕ್ಷಕ್ಕೆ ಯಾರು ಹೋಗುವರು ಎಂಬ ಪ್ರಶ್ನೆ ಬಂದಾಗ ಅವರು ಕೊಟ್ಟ ಉತ್ತರದಲ್ಲಿ ನಾನು ಎಂಬ ಒಂದೇ ಪದವು ಕನಕನೆಂಬ ವ್ಯಕ್ತಿಯೂ ಹೌದು, ತೊಲಗಬೇಕಾದ ಅಹಂಕಾರವೂ ಹೌದು. ಸಭೆಯು ಮೊದಲನೆಯ ಅರ್ಥವನ್ನು ಹಿಡಿದು ಕೆರಳಿತು. ಗುರುಗಳು ಎರಡನೆಯದನ್ನು ಹಿಡಿದು ಮೆಚ್ಚಿದರು. ಈ ಕಥೆಗಳಿಗೆ ಇತಿಹಾಸದ ಮುದ್ರೆಯಿಲ್ಲವಾದರೂ, ಎಲ್ಲರೂ ಕೇಳಿದ ಮಾತಿನಲ್ಲಿ ಯಾರೂ ಕೇಳದ ಅರ್ಥವನ್ನು ಕಾಣುವವರೆಂದು ಕನ್ನಡಿಗರು ಕನಕರನ್ನು ನೆನಪಿನಲ್ಲಿಟ್ಟಿರುವರೆಂಬುದಕ್ಕೆ ಇವೇ ಸಾಕ್ಷಿ.

ಅವರ ಕೃತಿಗಳೂ ಇದನ್ನೇ ಸಾರುವುವು. ಸಾಂಗತ್ಯದಲ್ಲಿ ಮೋಹನತರಂಗಿಣಿಯನ್ನೂ, ಭಾಮಿನೀ ಷಟ್ಪದಿಯಲ್ಲಿ ನಳಚರಿತ್ರೆ, ಹರಿಭಕ್ತಿಸಾರ, ರಾಮಧಾನ್ಯಚರಿತೆಗಳನ್ನೂ ಅವರು ರಚಿಸಿದರು. ರಾಮಧಾನ್ಯಚರಿತೆಯಲ್ಲಿ ಬತ್ತಕ್ಕೂ ರಾಗಿಗೂ ಶ್ರೇಷ್ಠತೆಯ ವಿವಾದ ಹುಟ್ಟಿ, ಅವೆರಡನ್ನೂ ಸೆರೆಯಲ್ಲಿಡಲು, ಕೆಲವು ತಿಂಗಳುಗಳಲ್ಲಿ ಬತ್ತವು ಸೊರಗಿ ರಾಗಿಯು ಗಟ್ಟಿಯಾಗಿ ಉಳಿದು ರಾಮನ ಹೆಸರನ್ನು ಪಡೆಯುವುದು. ಧಾನ್ಯಗಳ ಕಥೆಯೆಂದು ಓದಿದವನಿಗೆ ಅದು ಧಾನ್ಯಗಳದೇ. ಬಡವರ ಮತ್ತು ಬಲ್ಲಿದರ ಕಥೆಯೆಂದು ಬಿಡಿಸಿದವನಿಗೆ ಅದು ದೊಡ್ಡ ಮುಂಡಿಗೆ.

ಮುಂಡಿಗೆಯೆಂದರೆ ಸಭೆಯ ಮುಂದೆ ಪಣದಂತೆ ಇಡುವ ಸವಾಲು. ಬಿಡಿಸುವುದಕ್ಕೆ ಮುಂಡಿಗೆಯನ್ನು ಎತ್ತುವುದೆಂದು ಹೆಸರು. ಕನಕರ ಕೆಲವು ಮುಂಡಿಗೆಗಳಲ್ಲಿ ದೇವರ ಹೆಸರು ನೇರವಾಗಿ ಬಾರದೆ, ಒಬ್ಬನ ಮಗ, ಅವನ ವೈರಿ, ಆ ವೈರಿಯ ವಾಹನ ಎಂದು ಸರಪಳಿಯಾಗಿ ಸಾಗುವುದು. ಮತ್ತೆ ಕೆಲವುಗಳಲ್ಲಿ ನಿತ್ಯದ ವಸ್ತುವೇ ವಿಚಿತ್ರ ಪ್ರಾಣಿಯಾಗಿ ಬಂದು ನಿಲ್ಲುವುದು. ಒಂದು ಕೊಂಡಿಯು ತಪ್ಪಿದರೆ ನಾವು ಕಾಳಿನ ರಾಶಿಯಲ್ಲಿ ಸಿಕ್ಕಿದಂತೆ ಸಿಕ್ಕಿಬೀಳುವೆವು. ಆದರೆ ಕೊಂಡಿಗಳೆಲ್ಲ ಪದ್ಯದಲ್ಲಿಯೇ ಇರುವುವು. ಕವಿಯು ದಾರಿಯನ್ನು ಮರೆಮಾಡುವನಲ್ಲದೆ ಕಡಿದುಹಾಕುವುದಿಲ್ಲ. ಒಳ್ಳೆಯ ಪದಬಂಧಕಾರನ ಧರ್ಮವೂ ಇದೇ.

ಇದರಲ್ಲಿ ಗಮನಿಸತಕ್ಕ ಅಂಶವೊಂದಿದೆ. ಮುಂಡಿಗೆಯನ್ನೆತ್ತಲು ಬೇಕಾದ ವಿದ್ಯೆಯು ಗುರುಕುಲದಲ್ಲಿ ಮಾತ್ರ ದೊರೆಯತಕ್ಕುದಲ್ಲ. ಗುಡಿಯ ಅಂಗಳದಲ್ಲಿ ಭಾರತದ ವಾಚನವನ್ನು ಕೇಳಿದ ಒಕ್ಕಲಿಗನಿಗೂ, ಅಜ್ಜಿಯಿಂದ ಪುರಾಣದ ಕಥೆಯನ್ನು ಕೇಳಿದ ಹುಡುಗನಿಗೂ ಅದು ಸಾಧ್ಯ. ಕುಲವನ್ನು ಮುಂದಿಟ್ಟುಕೊಂಡು ಕುಳಿತವನಿಗೆ ಅದರಿಂದ ಒಂದು ಕೊಂಡಿಯೂ ಕಳಚದು. ಬಾಗಿಲಲ್ಲಿ ತಡೆಯಲ್ಪಟ್ಟವನು ತನ್ನದೊಂದು ಬಾಗಿಲನ್ನು ಕಟ್ಟಿ, ಅದರ ಕೀಲಿಯನ್ನು ಎಲ್ಲರ ಕೈಯಲ್ಲಿಯೂ ಇಟ್ಟನು. ಉಡುಪಿಯಲ್ಲಿ ಕೃಷ್ಣನು ತಿರುಗಿ ನಿಂತು ಗೋಡೆಯ ಕಿಂಡಿಯಲ್ಲಿ ಕನಕರಿಗೆ ದರ್ಶನವಿತ್ತನೆಂಬ ಕಥೆಯನ್ನು ನಾಡೆಲ್ಲ ಬಲ್ಲದು. ಮುಂಡಿಗೆಯು ಕನಕರು ನಮಗಾಗಿ ತೆರೆದ ಕಿಂಡಿ.

ನಮ್ಮ ಸೀಮೆಗೆ ಇಂತಹ ಗೂಢವಾಣಿಯು ಹೊಸತಲ್ಲ. ಕೊಡೇಕಲ್ಲಿನ ಬಸವಣ್ಣನವರ ಪರಂಪರೆಯು ತನ್ನ ಗ್ರಂಥಗಳನ್ನು ಅಮರಗನ್ನಡವೆಂಬ ಗುಪ್ತಲಿಪಿಯಲ್ಲಿ ಕಾಪಾಡಿಕೊಂಡು ಬಂದಿದೆ. ತಿಂಥಣಿಯ ಮೌನೇಶ್ವರರ ವಚನಗಳು ಕೃಷ್ಣೆಯ ದಡದಲ್ಲಿ ಇನ್ನೂ ಕೇಳಿಬರುವುವು. ಸುರಪುರವು ಕಮಲೇಶವಿಠಲಾಂಕಿತದ ಆನಂದದಾಸರ ಊರು. ಆದರೂ ಇಂದು ಮುಂಡಿಗೆಯನ್ನು ಹಾಡಿ, ಎತ್ತಿ, ಅರ್ಥ ಹೇಳಬಲ್ಲ ಹಿರಿಯರು ನಮಗೆ ಬೆರಳೆಣಿಕೆಯಷ್ಟೇ ಕಾಣುವರು. ಅವರೊಡನೆ ಕೀಲಿಯೂ ಹೋದರೆ, ಪದ್ಯವು ಪುಸ್ತಕದಲ್ಲಿದ್ದೂ ಬೀಗ ಹಾಕಿದ ಮನೆಯಂತಾಗುವುದು. ಕನಕಜಯಂತಿಯಂದು ನಾವು ಭಾವಚಿತ್ರದ ಮೆರವಣಿಗೆಯನ್ನು ನಡೆಸುವೆವು, ಭಾಷಣಗಳನ್ನು ಮಾಡುವೆವು, ಕಚೇರಿಗಳಿಗೆ ರಜೆಯನ್ನು ಕೊಡುವೆವು. ಒಬ್ಬ ಕವಿಯನ್ನು ಹೊತ್ತು ಮೆರೆಸುವುದು ಸುಲಭ. ಅವನು ಕೇಳಿದ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ. ಅವನನ್ನು ಒಂದು ಕುಲದ ಹಿರಿಯನನ್ನಾಗಿ ಮಾಡಿ ಉಳಿದವರು ಕೈ ತೊಳೆದುಕೊಳ್ಳುವುದಂತೂ, ಕುಲದ ಹೆಸರಿನಲ್ಲಿ ಅವನನ್ನು ಮತ್ತೊಮ್ಮೆ ಹೊರಗೆ ನಿಲ್ಲಿಸಿದಂತೆಯೇ ಸರಿ.

ಆದುದರಿಂದ ಬರುವ ವಾರದಿಂದ ನಮ್ಮ ಪತ್ರಿಕೆಯ ಪದಬಂಧದ ಮಗ್ಗುಲಲ್ಲಿ ವಾರಕ್ಕೊಂದು ಮುಂಡಿಗೆಯನ್ನು ಪ್ರಕಟಿಸಲು ನಿಶ್ಚಯಿಸಿರುವೆವು. ಬಹುಮಾನವಿಲ್ಲ. ಯಾದಗಿರಿ, ಶಹಾಪುರ, ಸುರಪುರಗಳ ವಾಚಕರು ತಮ್ಮ ಮನೆಯ ಹಿರಿಯರನ್ನು ಕೇಳಿ ಉತ್ತರವನ್ನು ಬರೆದು ಕಳುಹಿಸಬೇಕೆಂದು ಪ್ರಾರ್ಥನೆ. ಉತ್ತರವು ತಪ್ಪಿದರೂ ಚಿಂತೆಯಿಲ್ಲ; ಸಂಪಾದಕರೇ ಮೊದಲನೆಯ ಮುಂಡಿಗೆಯಲ್ಲಿ ಸೋತವರೆಂಬುದನ್ನು ವಾಚಕರು ಈಗ ಬಲ್ಲರು.